ಬಳ್ಳಾರಿ ಬಿಸಿಲಿಗೆ ಹಳೇ ಪದ್ಮಿನಿ: ಫ್ಯಾನು, ಟೈರು ಬದಲಿಸೋದು ಹೆಂಗೆ

ಏಪ್ರಿಲ್ ತಿಂಗಳು, ಮಧ್ಯಾಹ್ನ ಎರಡೂವರೆ, ರೈಲ್ವೆ ಗೇಟ್ ಹಾಕಿದ್ರು. ಅದಿರು ತುಂಬಿದ ಗೂಡ್ಸ್ ಗಾಡಿ ಹೋಗ್ತಾನೇ ಐತೆ ಹೋಗ್ತಾನೇ ಐತೆ, ಡಬ್ಬಿ ಎಣಿಸ್ಕೊಂಡು ಕೂತಿದ್ದೆ, ನಲವತ್ತು ದಾಟೋಷ್ಟೊತ್ತಿಗೆ ನಮ್ಮ ಪದ್ಮಿನಿ ಬಾನೆಟ್ ಸಂದಿಯಿಂದ ಬುಸ್ಸಂತ ಹಬೆ ಬಂತು. ಹಿಂದೆ ಲಾರಿ, ಪಕ್ಕದಲ್ಲಿ ಆಟೋ, ಎಲ್ರೂ ಹಾರ್ನ್ ಹೊಡಿಯೋರೇ. ನಾನು ಪೆದ್ದನ ತರ ಇಳಿದು ಟವೆಲ್ ಸುತ್ತಿಕೊಂಡು ರೇಡಿಯೇಟರ್ ಕ್ಯಾಪ್ ತಿರುಗಿಸಿದೆ, ಕುದಿಯೋ ನೀರು ಮೊಣಕೈವರೆಗೂ ಚಿಮ್ಮಿತು, ಆ ಕಲೆ ಇನ್ನೂ ಐತೆ. ಅದಕ್ಕೆ ಮೊದಲನೇ ಮಾತು ಇದೇ: ಗಾಡಿ ಕುದ್ದಾಗ ಕ್ಯಾಪ್ ಮುಟ್ಟಬೇಡ್ರಿ. ಆಫ್ ಮಾಡಿ, ಬಾನೆಟ್ ಎತ್ತಿ, ಅರ್ಧ ಗಂಟೆ ಚಹಾ ಕುಡ್ಕೊಂಡು ಬರ್ರಿ.

ಇದು ಅಪ್ಪನ ಗಾಡಿ, 1984ರ ಪ್ರೀಮಿಯರ್ ಪದ್ಮಿನಿ, 1089 ಸಿಸಿ ಇಂಜಿನ್ನು. ಮುಂಬೈ ಕುರ್ಲಾದಲ್ಲಿ ತಯಾರಾಗ್ತಿದ್ದ ಈ ಗಾಡಿ ಮೂಲದಲ್ಲಿ ಇಟಲಿಯ ಫಿಯಟ್ 1100, ಅದಕ್ಕೇ ನಮ್ಮ ಕಡೆ ಹಳಬರು ಈಗ್ಲೂ ಇದನ್ನ ಫಿಯಟ್ಟು ಅಂತಲೇ ಕರೀತಾರೆ. ಈ ಇಂಜಿನ್‌ದು ಬ್ಲಾಕು ಬೀಡು ಕಬ್ಬಿಣ, ಹೆಡ್ಡು ಅಲ್ಯೂಮಿನಿಯಂ. ಇದನ್ನ ಯಾಕೆ ಹೇಳ್ತೀನಂದ್ರೆ ಎರಡು ಸಲ ಜೋರಾಗಿ ಕುದ್ರೆ ಅಲ್ಯೂಮಿನಿಯಂ ಹೆಡ್ಡು ಸೊಟ್ಟ ಆಗುತ್ತೆ, ಗ್ಯಾಸ್ಕೆಟ್ ಹೋಗುತ್ತೆ, ಆಮೇಲೆ ಲೇತಿಗೆ ಹಾಕಿಸಿ ಫೇಸಿಂಗ್ ಮಾಡ್ಸೋ ಖರ್ಚು ಬೇರೆ. ಗೇಟ್ ಹತ್ರ ಆದ ಅವಮಾನ ದೊಡ್ಡದಲ್ಲ, ಹೆಡ್ಡು ದೊಡ್ಡದು.

ಮಾರನೇ ದಿನ ನಮ್ಮ ಮೇಸ್ತ್ರಿ ಹತ್ರ ಹೋಗಿ "ಮಾರುತಿ ಫ್ಯಾನ್ ಹಾಕಿಬಿಡಣ ಅಣ್ಣಾ" ಅಂದೆ, ಅಂದ್ರೆ ಮಾರುತಿ ಕಾರಿಂದು, ಕರೆಂಟಲ್ಲಿ ತಿರುಗೋ ಫ್ಯಾನು. ಅವರು ಬೀಡಿ ಬಿಸಾಕಿ ಒಂದೇ ಪ್ರಶ್ನೆ ಕೇಳಿದ್ರು, "ನಿಂತಾಗ ಕುದೀತೈತೋ ಓಡ್ವಾಗ ಕುದೀತೈತೋ, ಅದನ್ನ ಹೇಳು ತಮ್ಮಾ ಮೊದ್ಲು."

ಈ ಲೇಖನದ ಜೀವ ಆ ಪ್ರಶ್ನೆಯಲ್ಲೇ ಐತೆ. ಪದ್ಮಿನಿಯಲ್ಲಿ ಫ್ಯಾನು ವಾಟರ್ ಪಂಪ್ ಮೂತಿಗೆ ಬೋಲ್ಟ್ ಆಗಿರುತ್ತೆ, ಇಂಜಿನ್ ಬೆಲ್ಟಿಂದಲೇ ತಿರುಗುತ್ತೆ. ಇಂಜಿನ್ ಜೋರಾದ್ರೆ ಫ್ಯಾನೂ ಜೋರು, ಐಡ್ಲಿಂಗ್‌ನಲ್ಲಿ ಇಂಜಿನ್ ನಿಧಾನ ಆದ್ರೆ ಫ್ಯಾನೂ ನಿಧಾನ. ಅಂದ್ರೆ ಗಾಳಿ ಎಲ್ಲಕ್ಕಿಂತ ಹೆಚ್ಚು ಬೇಕಾದಾಗ, ಗಾಡಿ ಟ್ರಾಫಿಕ್ಕಲ್ಲಿ ನಿಂತಾಗ, ಅದು ಸೋಮಾರಿ. ರೋಡಲ್ಲಿ ಅರವತ್ತರ ಸ್ಪೀಡಿಗೆ ಬಂದ್ಮೇಲೆ ಗ್ರಿಲ್ಲಿಂದ ನುಗ್ಗೋ ಗಾಳಿನೇ ಸಾಕು, ಫ್ಯಾನಿನ ಕೆಲಸ ಅಷ್ಟಿಲ್ಲ. ಹಂಗಾಗಿ ನಿಂತಾಗ ಬಿಸಿ ಆಗಿ, ಓಡ್ವಾಗ ಮತ್ತೆ ತಣ್ಣಗಾದ್ರೆ ಗಾಳಿ ಸಾಲ್ತಿಲ್ಲ ಅಂತ ಅರ್ಥ, ಎಲೆಕ್ಟ್ರಿಕ್ ಫ್ಯಾನ್ ಹಾಕಿದ್ರೆ ಉಪಯೋಗ ಐತೆ. ಕುಡಿತಿನಿ ದಾಟಿ ತೋರಣಗಲ್ಲಿಗೆ ಹೋಗೋ ರೋಡಲ್ಲಿ ಒಂದೇ ಸಮ ಓಡಿಸ್ತಿರುವಾಗಲೂ ಬಿಸಿ ಏರ್ತಾನೇ ಇದ್ರೆ ಹತ್ತು ಫ್ಯಾನ್ ಹಾಕಿದ್ರೂ ಅಷ್ಟೇ, ನೀರು ಹರೀತಿಲ್ಲ, ಇಲ್ಲಾ ಟೈಮಿಂಗ್ (ಪ್ಲಗ್ಗಲ್ಲಿ ಕಿಡಿ ಹಾರೋ ಹೊತ್ತು) ಹಿಂದೆ ಬಿದ್ದೈತೆ, ಇಲ್ಲಾ ರೇಡಿಯೇಟರ್ ಕಟ್ಟಿಕೊಂಡೈತೆ.

ಮೊದ್ಲು ರೇಡಿಯೇಟರು, ನೀರು

ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಬೋರ್ ನೀರು ಗಡಸು, ಸ್ನಾನದ ಗೀಸರ್ ಬಿಚ್ಚಿ ನೋಡಿದ್ರೆ ಒಳಗೆ ಸುಣ್ಣ ಕಟ್ಟಿರುತ್ತಲ್ಲ, ರೇಡಿಯೇಟರ್ ಟ್ಯೂಬ್ ಒಳಗೂ ಅದೇ ಆಗೋದು. ಇಪ್ಪತ್ತು ವರ್ಷ ಸಿಕ್ಕ ಸಿಕ್ಕ ನಲ್ಲಿ ನೀರು ತುಂಬಿಸ್ಕೊಂಡು ಬಂದಿರ್ತೀವಿ, ಒಳಗೆ ಪಾಚಿ, ತುಕ್ಕು, ಸುಣ್ಣ ಎಲ್ಲಾ ಸೇರಿ ಅರ್ಧ ಟ್ಯೂಬ್ ಮುಚ್ಚಿರುತ್ತೆ. ಹೊರಗಡೆ ನೋಡಿದ್ರೆ ಸಂಡೂರು ಕಡೆ ಓಡಾಡೋ ಗಾಡಿಗೆ ಕೆಂಪು ಅದಿರು ಧೂಳು, ರಾಯಚೂರು ಕಡೆ ಆದ್ರೆ ಹತ್ತಿ ಜಿನ್ನಿಂಗ್ ಫ್ಯಾಕ್ಟ್ರಿ ಹತ್ರ ಹಾರೋ ಅರಳೆ, ಎರಡೂ ಎಣ್ಣೆ ಜಿಡ್ಡಿಗೆ ಅಂಟ್ಕೊಂಡು ರೇಡಿಯೇಟರಿನ ಜಾಲರಿ ಮುಚ್ಚಿಬಿಡ್ತಾವೆ. ನಮ್ಮ ಗಾಡಿ ರೇಡಿಯೇಟರ್ ಬಿಚ್ಚಿ ಬಿಸಿಲಿಗೆ ಹಿಡಿದು ನೋಡಿದ್ರೆ ಬಲಗಡೆ ಕೆಳಗಿನ ಮೂಲೆಯಲ್ಲಿ ಒಂದು ಅಂಗೈ ಅಗಲ ಬೆಳಕೇ ಬರ್ತಿರ್ಲಿಲ್ಲ.

ಹೊರಗಿನ ಧೂಳಿಗೆ ಇಂಜಿನ್ ಕಡೆಯಿಂದ ಗ್ರಿಲ್ ಕಡೆಗೆ ಸಾದಾ ಪೈಪಲ್ಲಿ ನೀರು ಬಿಡ್ರಿ, ಸರ್ವಿಸ್ ಸ್ಟೇಷನ್ ಪ್ರೆಷರ್ ಗನ್ ಹೊಡಿಸಬೇಡ್ರಿ, ಆ ತೆಳ್ಳನೆ ಫಿನ್ನು ಎಲ್ಲಾ ಮಲಗಿಬಿಡ್ತಾವೆ. ಒಳಗಿನದಕ್ಕೆ ರೇಡಿಯೇಟರ್ ಕೆಲಸದವರ ಹತ್ರಾನೇ ಹೋಗ್ಬೇಕು. ಹಳೇದು ತಾಮ್ರ ಹಿತ್ತಾಳೆದು, ಟ್ಯಾಂಕಿನ ಬೆಸುಗೆ ಬಿಚ್ಚಿ ರಾಡ್ ಹಾಕಿ ಒಂದೊಂದೇ ಟ್ಯೂಬ್ ತೆಗೀತಾರೆ. ಇದನ್ನ ಮಾಡಬಲ್ಲವರು ಊರಲ್ಲಿ ದಿನೇ ದಿನೇ ಕಮ್ಮಿ ಆಗ್ತಿದ್ದಾರೆ, ಹೊಸ ಹುಡುಗ್ರು ಅಲ್ಯೂಮಿನಿಯಂ ರೇಡಿಯೇಟರ್ ಬದಲಿ ಮಾಡೋದಷ್ಟೇ ಕಲ್ತಿರೋದು, ಅದಕ್ಕೆ ಬೆಸುಗೆ ಕೆಲಸ ಗೊತ್ತಿರೋ ಹಳಬರು ಸಿಕ್ರೆ ನಂಬರ್ ಬರ್ಕೊಂಡು ಇಟ್ಕೊಳ್ರಿ.

ಬಿಚ್ಚದೇ ಪರೀಕ್ಷೆ ಮಾಡೋಕೆ ಒಂದು ಉಪಾಯ ಐತೆ. ಕೊರೊನಾ ಕಾಲದಲ್ಲಿ ಹಣೆಗೆ ಹಿಡೀತಿದ್ರಲ್ಲ, ಆ ತರದ ಟೆಂಪರೇಚರ್ ಗನ್, ಆದ್ರೆ ಆ ಜ್ವರದ ಗನ್ ಬ್ಯಾಡ, ಅದು ಜ್ವರದ ಬಿಸಿ ದಾಟಿದ ಮೇಲೆ ಏನೂ ತೋರ್ಸಲ್ಲ, ವರ್ಕ್‌ಶಾಪಲ್ಲಿ ಬಳಸೋದು ತಗೋರಿ. ಇಂಜಿನ್ ಬಿಸಿ ಆದ್ಮೇಲೆ ಜಾಲರಿ ಮೇಲೆ ಅಲ್ಲಲ್ಲಿ ಹಿಡಿದು ನೋಡಿದ್ರೆ ಒಂದು ಜಾಗ ಮಾತ್ರ ಸುತ್ತಮುತ್ತಗಿಂತ ಪೂರ್ತಿ ತಣ್ಣಗಿದ್ರೆ ಅಲ್ಲಿ ನೀರು ಹರೀತಿಲ್ಲ. ಹೊಳೆಯೋ ಹಿತ್ತಾಳೆ ಮೇಲೆ ಗನ್ನು ಸುಳ್ಳು ಹೇಳುತ್ತೆ, ಕಮ್ಮಿ ತೋರ್ಸುತ್ತೆ, ಅದಕ್ಕೆ ಟ್ಯಾಂಕ್ ಮೇಲೆ ಒಂದು ತುಂಡು ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ ಅದರ ಮೇಲೆ ಅಳತೆ ತಗೋರಿ.

ಥರ್ಮೋಸ್ಟಾಟ್ ವಿಷಯ, ಅಂದ್ರೆ ಇಂಜಿನ್ ಬಿಸಿ ಆಗೋವರೆಗೂ ರೇಡಿಯೇಟರಿಗೆ ನೀರು ಬಿಡದೆ ತಡೆಯೋ ಬಾಗಿಲು. "ನಮ್ಮ ಬಿಸಿಲಿಗೆ ಅದು ಬ್ಯಾಡ, ಕಿತ್ತು ಬಿಸಾಕ್ರಿ" ಅನ್ನೋ ಮೇಸ್ತ್ರಿಗಳು ಎಲ್ಲಾ ಊರಲ್ಲೂ ಇದ್ದಾರೆ, ನಂದೂ ಹಂಗೇ ಕಿತ್ತಿದ್ರು. ಅದು ಕೆಟ್ಟು ಮುಚ್ಚಿಕೊಂಡಿದ್ರೆ ಕಿತ್ತಾಗ ಗಾಡಿ ಸರಿ ಹೋದಂಗೆ ಕಾಣುತ್ತೆ ಅಷ್ಟೇ. ಆದ್ರೆ ಅದಿಲ್ಲದೆ ಮುಂಜಾನೆ ಇಂಜಿನ್ ಬಿಸಿ ಆಗೋಕೆ ತುಂಬಾ ಹೊತ್ತು ಹಿಡಿಯುತ್ತೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತೆ, ಸವೆತ ಜಾಸ್ತಿ. ಅದು ಚೆನ್ನಾಗೈತೋ ಕೆಟ್ಟೈತೋ ನೋಡೋಕೆ ಅಡುಗೆ ಮನೆ ಪಾತ್ರೆಯಲ್ಲಿ ನೀರು ಕಾಯೋಕೆ ಇಟ್ಟು ದಾರದಲ್ಲಿ ಕಟ್ಟಿ ಇಳಿಬಿಡ್ರಿ, ತಳಕ್ಕೆ ತಾಗಬಾರ್ದು. ಅದರ ಮೈ ಮೇಲೆ ಎಷ್ಟು ಡಿಗ್ರಿ ಅಂತ ಬರೆದಿರುತ್ತೆ, ಆ ಬಿಸಿಗೆ ಬಾಯಿ ತೆರೆಯೋಕೆ ಶುರು ಆಗಿ ನೀರು ಕುದಿಯೋ ಹೊತ್ತಿಗೆ ಪೂರ್ತಿ ತೆರೆದ್ರೆ ಚೆನ್ನಾಗೈತೆ ಅಂತ. ಇಲ್ಲಾಂದ್ರೆ ಹೊಸದು. ನಮ್ಮನೆಯವಳು ಆ ಪಾತ್ರೇನ ಆಮೇಲೆ ಒಲೆ ಮೇಲೆ ಇಡೋಕೆ ಬಿಡ್ಲಿಲ್ಲ, ಈಗ ಅದು ಗ್ಯಾರೇಜ್ ಪಾತ್ರೆ.

ಕ್ಯಾಪ್ ಬದಲಿಸ್ವಾಗ ಒಂದು ಎಚ್ಚರಿಕೆ. ಹಳೇ ಕ್ಯಾಪ್ ಮೇಲೆ ಎಷ್ಟು ಪ್ರೆಷರ್ ಬರೆದೈತೋ ಅಷ್ಟೇದು ತಗೋರಿ. ಒಂದೊಂದು ಪಿಎಸ್‌ಐ ಪ್ರೆಷರ್ ಹೆಚ್ಚಾದ್ರೆ ನೀರು ಕುದಿಯೋ ಬಿಸಿ ಸುಮಾರು ಒಂದೂವರೆ ಡಿಗ್ರಿ ಮೇಲೆ ಹೋಗುತ್ತೆ, ಅದು ನಿಜ, ಅದನ್ನ ಕೇಳಿ ಕೆಲವ್ರು ಹೊಸ ಕಾರಿನ ಗಟ್ಟಿ ಕ್ಯಾಪ್ ತಂದು ಹಾಕ್ತಾರೆ, ನಲವತ್ತು ವರ್ಷದ ಬೆಸುಗೆ ಅಷ್ಟು ತಡೆಯಲ್ಲ, ಬಾಯಿ ಬಿಡುತ್ತೆ.

ತುಂಬಿಸೋಕೆ ಡಿಸ್ಟಿಲ್ಡ್ ವಾಟರು ಜೊತೆಗೆ ಕೂಲಂಟು. ನಮ್ಮಲ್ಲಿ ನೀರು ಹೆಪ್ಪುಗಟ್ಟೋ ಚಳಿ ಇಲ್ಲ, ಕೂಲಂಟ್ ಬೇಕಾಗಿರೋದು ತುಕ್ಕು ತಡೆಯೋಕೆ, ಕಬ್ಬಿಣ, ಅಲ್ಯೂಮಿನಿಯಂ, ತಾಮ್ರ ಮೂರೂ ಒಂದೇ ನೀರಲ್ಲಿ ಇರೋ ಇಂಜಿನ್ ಇದು. ಮೂರು ಪಾಲಲ್ಲಿ ಒಂದು ಪಾಲು ಕೂಲಂಟ್ ಸಾಕು, ಬರೀ ಕೂಲಂಟ್ ತುಂಬಿಸಬೇಡ್ರಿ, ಬಿಸಿ ಒಯ್ಯೋದ್ರಲ್ಲಿ ನೀರೇ ಜಾಣ. ತುಂಬಿಸ್ವಾಗ ತಣ್ಣನೆ ಇಂಜಿನ್ನಲ್ಲೇ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ, ಮೇಲಿನ ಹೋಸ್ ಪೈಪು ಹಿಂಡ್ತಾ ಇರ್ರಿ, ಒಳಗಿನ ಗಾಳಿ ಗುಳುಗುಳು ಅಂತ ಬರುತ್ತೆ, ನೀರು ಇಳಿಯುತ್ತೆ, ಮತ್ತೆ ಹಾಕ್ರಿ.

ಇಷ್ಟು ಮಾಡಿದ್ಮೇಲೆ ನಮ್ಮ ಗಾಡಿ ಅರ್ಧ ಸರಿ ಹೋಯ್ತು. ನಿಮ್ಮದು ಪೂರ್ತಿ ಸರಿ ಹೋದ್ರೆ ಫ್ಯಾನ್ ದುಡ್ಡು ಉಳೀತು, ಟೈರಿಗೆ ಹೋಗ್ರಿ.

ಫ್ಯಾನು

ಫ್ಯಾನ್ ಕೊಳ್ಳೋಕೆ ಮುಂಚೆ ಗಾಡಿಯಲ್ಲಿ ಡೈನಮೋ ಐತೋ ಆಲ್ಟರ್ನೇಟರ್ ಐತೋ ನೋಡ್ರಿ, ಎರಡೂ ಇಂಜಿನ್ನಿಂದ ಕರೆಂಟ್ ಮಾಡಿ ಬ್ಯಾಟ್ರಿ ತುಂಬಿಸೋವೇ, ಡೈನಮೋ ಹಳೇ ಕಾಲದ್ದು. ಲೆಕ್ಕ ಹಿಂಗೆ: ಸಣ್ಣ ಕಾರಿನ ಫ್ಯಾನ್ 120 ವ್ಯಾಟ್ ಅಂದ್ಕೊಂಡ್ರೂ 12 ವೋಲ್ಟಿಗೆ 10 ಆಂಪ್ಸ್, ಸ್ಟಾರ್ಟ್ ಆಗೋ ಕ್ಷಣಕ್ಕೆ ಅದಕ್ಕಿಂತ ಎರಡು ಮೂರು ಪಟ್ಟು. ಹೆಡ್‌ಲೈಟ್ ಎರಡು 55 ವ್ಯಾಟಿನ ಬಲ್ಬಿದ್ರೆ ಇನ್ನೊಂದು 9 ಆಂಪ್ಸ್, ಕಾಯಿಲ್ಲು, ಟೇಲ್ ಲೈಟು, ವೈಪರ್ರು ಸೇರಿ ಇಪ್ಪತ್ತೈದರ ಹತ್ರ ಬರುತ್ತೆ. ಡೈನಮೋ ಐಡ್ಲಿಂಗಲ್ಲಿ ಕೊಡೋದು ಇಲ್ಲವೇ ಇಲ್ಲ ಅನ್ನೋಷ್ಟು, ಅಂದ್ರೆ ರಾತ್ರಿ ಟ್ರಾಫಿಕ್ಕಲ್ಲಿ ನಿಂತಾಗ ಫ್ಯಾನ್ ತಿರುಗಿದ್ದೆಲ್ಲ ಬ್ಯಾಟ್ರಿ ದುಡ್ಡಲ್ಲಿ. ಡೈನಮೋ ಗಾಡಿಗೆ ಮೊದ್ಲು ಆಲ್ಟರ್ನೇಟರ್ ಹಾಕ್ಸಿ, ಆಮೇಲೆ ಫ್ಯಾನ್ ಮಾತಾಡ್ರಿ. ಹಂಗೆ ಮಾಡೋಕೆ ಇಷ್ಟ ಇಲ್ಲ, ಗಾಡಿ ಒರಿಜಿನಲ್ ಇರ್ಲಿ ಅಂದ್ರೆ ಹಳೇ ಫ್ಯಾನೇ ಇಟ್ಕೊಂಡು ಅದರ ಸುತ್ತ ತಗಡಿನ ಕವಚ ಮಾಡಿಸ್ರಿ, ಬರೀ ಕವಚಕ್ಕೇ ಎಷ್ಟೋ ವ್ಯತ್ಯಾಸ ಆಗುತ್ತೆ, ಯಾಕಂದ್ರೆ ಅದಿಲ್ಲದ ಫ್ಯಾನು ಜಾಲರಿಯಿಂದ ಎಳೆಯೋ ಬದಲು ಪಕ್ಕದ ಬಿಸಿ ಗಾಳೀನೇ ತಿರುಗಿಸ್ತಾ ಇರುತ್ತೆ.

ನಾನು ಹಾಕಿದ್ದು ಮಾರುತಿ 800 ಫ್ಯಾನು, ಗುಜರಿಯಲ್ಲಿ ಸಿಗುತ್ತೆ, ಹೊಸದೂ ಸಿಗುತ್ತೆ, ನಾಳೆ ಕೆಟ್ರೆ ಗಂಗಾವತಿಯಲ್ಲೂ ಸಿಂಧನೂರಲ್ಲೂ ಸಿಗುತ್ತೆ, ಅದೇ ದೊಡ್ಡ ಗುಣ. ಗುಜರಿದು ತಗೊಂಡ್ರೆ ಅಲ್ಲೇ ಬ್ಯಾಟ್ರಿಗೆ ಹಚ್ಚಿ ಐದು ನಿಮಿಷ ಓಡಿಸಿ ನೋಡ್ರಿ, ಕರಕರ ಸದ್ದು ಬಂದ್ರೆ ಬುಷ್ ಹೋಗೈತೆ, ಬಿಟ್ಟು ಬರ್ರಿ.

ಈಗ ಕೆಲಸ. ಬ್ಯಾಟ್ರಿ ನೆಗೆಟಿವ್ ತೆಗೀರಿ. ಹಳೇ ಫ್ಯಾನ್ ಬಿಚ್ಚೋಕೆ ಮುಂಚೆ ಪಂಪ್ ಪುಲ್ಲಿ ಮುಖದಿಂದ ಜಾಲರಿವರೆಗೆ ಎಷ್ಟು ಜಾಗ ಐತೆ ಅಂತ ಅಳತೆ ತಗೋರಿ, ಹೊಸ ಫ್ಯಾನಿನ ಮೋಟಾರ್ ಬೆನ್ನು ಉಬ್ಬಿರುತ್ತೆ, ಅದು ಪುಲ್ಲಿಗೆ ತಾಗದೆ ಕೊನೇಪಕ್ಷ ಒಂದು ಬೆರಳು ಜಾಗ ಉಳೀಬೇಕು, ಯಾಕಂದ್ರೆ ಇಂಜಿನ್ನು ಕುಲುಕಾಡುತ್ತೆ, ಕ್ಲಚ್ ಬಿಟ್ಟಾಗ ಮುಂದೆ ಹಿಂದೆ ಆಡುತ್ತೆ. ಜಾಗ ಇಲ್ಲಾಂದ್ರೆ ಮೋಟಾರನ್ನ ಪುಲ್ಲಿಯಿಂದ ಪಕ್ಕಕ್ಕೆ ಸರಿಸಿ ಕೂರಿಸ್ರಿ, ಮಧ್ಯದಲ್ಲೇ ಇರಬೇಕು ಅಂತ ಕಾನೂನಿಲ್ಲ.

ಹಳೇ ಫ್ಯಾನ್ ತೆಗೆದ್ಮೇಲೆ ಅವೇ ಬೋಲ್ಟು ವಾಪಸ್ ಹಾಕಿದ್ರೆ ಏನಾಗುತ್ತೆ ಗೊತ್ತಾ? ಬ್ಲೇಡಿನ ದಪ್ಪ ಹೋಯ್ತಲ್ಲ, ಬೋಲ್ಟು ಉದ್ದ ಆಗಿ ತಳಕ್ಕೆ ತಾಗಿ ನಿಲ್ಲುತ್ತೆ, ಕೈಗೆ ಟೈಟ್ ಆದಂಗೆ ಅನ್ಸುತ್ತೆ, ಪುಲ್ಲಿ ಮಾತ್ರ ಸಡಿಲ. ನಂದು ಮೂರು ದಿನ ಕಟಕಟ ಅಂತಿತ್ತು, ವಾಟರ್ ಪಂಪ್ ಬೇರಿಂಗ್ ಹೋಯ್ತು ಅಂತ ಹೊಸ ಪಂಪಿಗೆ ಹುಡುಕ್ತಿದ್ದೆ, ಮೇಸ್ತ್ರಿ ಬಂದು ಎರಡು ವಾಷರ್ ಹಾಕಿ ಟೈಟ್ ಮಾಡಿ ಹೋದ್ರು, ದುಡ್ಡೂ ತಗೊಳ್ಲಿಲ್ಲ, ನಕ್ಕಿದ್ದು ಮಾತ್ರ ಬಹಳ. ಗಿಡ್ಡ ಬೋಲ್ಟ್ ಹಾಕ್ರಿ ಇಲ್ಲಾ ವಾಷರ್ ಹಾಕ್ರಿ. ಬೆಲ್ಟ್ ಮಧ್ಯದಲ್ಲಿ ಹೆಬ್ಬೆರಳಿಂದ ಒತ್ತಿದ್ರೆ ಸುಮಾರು ಅರ್ಧ ಇಂಚು ಬಗ್ಗಬೇಕು, ಅದಕ್ಕಿಂತ ಬಿಗಿ ಆದ್ರೆ ಬೇರಿಂಗ್ ನಿಜವಾಗ್ಲೂ ಹೋಗುತ್ತೆ. ಬಿಚ್ಚಿದ ಹಳೇ ಫ್ಯಾನು, ಹಳೇ ಬೋಲ್ಟು ಕವರಲ್ಲಿ ಸುತ್ತಿ ಡಿಕ್ಕಿಯಲ್ಲೇ ಇಡ್ರಿ, ದೂರದೂರಲ್ಲಿ ಮೋಟಾರ್ ಕೈಕೊಟ್ರೆ ಇಪ್ಪತ್ತು ನಿಮಿಷದಲ್ಲಿ ಹಳೇದೇ ಹಾಕ್ಕೊಂಡು ಮನೆಗೆ ಬರಬಹುದು.

ಫ್ಯಾನ್ ಕೂರಿಸೋಕೆ ಜಾಲರಿ ಮಧ್ಯ ತೂರಿಸೋ ಪ್ಲಾಸ್ಟಿಕ್ ಟೈ ಬರ್ತಾವೆ, ಅವು ಬ್ಯಾಡ. ನಮ್ಮ ರೋಡಿನ ಕುಲುಕಾಟಕ್ಕೆ ಅವು ಟ್ಯೂಬ್ ಉಜ್ಜಿ ಉಜ್ಜಿ ತೂತು ಮಾಡ್ತಾವೆ. ರೇಡಿಯೇಟರಿನ ಪಕ್ಕದ ಫ್ರೇಮಿಗೆ ಎರಡು ಕಬ್ಬಿಣದ ಪಟ್ಟಿ ಅಡ್ಡ ಹಾಕಿ, ನಡುವೆ ರಬ್ಬರ್ ವಾಷರ್ ಇಟ್ಟು ಬೋಲ್ಟ್ ಮಾಡಿಸ್ರಿ. ಜಿಐ ತಗಡಲ್ಲಿ ಕವಚ ಮಾಡಿಸಿ, ಪೂರ್ತಿ ಜಾಲರಿ ಮುಚ್ಚೋ ಹಂಗೆ, ಬ್ಲೇಡಿಗೂ ಜಾಲರಿಗೂ ಒಂದು ಇಂಚು ಅಂತರ ಇರ್ಲಿ. ಫ್ಯಾನನ್ನ ಜಾಲರಿಗೇ ಅಂಟಿಸಿದ್ರೆ ಎದುರಿಗಿರೋ ಅಷ್ಟೇ ಜಾಗದಿಂದ ಗಾಳಿ ಎಳೆಯುತ್ತೆ, ನಾಲ್ಕು ಮೂಲೆ ಸುಮ್ನೆ ಕೂತಿರ್ತಾವೆ.

ವೈರಿಂಗು. ಇಲ್ಲಿ ಅವಸರ ಮಾಡಿದವ್ರ ಗಾಡಿನೇ ಹೊತ್ತಿಕೊಳ್ಳೋದು. ಡ್ಯಾಶ್‌ಬೋರ್ಡ್ ಸ್ವಿಚ್ಚಿಗೆ ನೇರ ಹತ್ತು ಆಂಪ್ಸ್ ಹರಿಸಬೇಡ್ರಿ, ನಾಲ್ಕು ಕಾಲಿನ ರಿಲೇ (ಸಣ್ಣ ಕರೆಂಟಿಂದ ದೊಡ್ಡ ಕರೆಂಟ್ ಆನ್ ಮಾಡೋ ಡಬ್ಬಿ) ಹಾಕ್ರಿ, ಹಾರ್ನಿಗೆ ಹಾಕ್ತಾರಲ್ಲ ಅದೇ ತರದ್ದು, 30 ಅಥವಾ 40 ಆಂಪ್ಸಿಂದು. ಅದರ ಕಾಲಿಗೆ ನಂಬರ್ ಇರುತ್ತೆ. 30ಕ್ಕೆ ಬ್ಯಾಟ್ರಿ ಪಾಸಿಟಿವ್, ಮಧ್ಯದಲ್ಲಿ ಬ್ಯಾಟ್ರಿಯಿಂದ ಒಂದು ಗೇಣು ಒಳಗೇ 20 ಆಂಪ್ಸಿನ ಫ್ಯೂಸು. 87ರಿಂದ ಫ್ಯಾನ್ ಪಾಸಿಟಿವ್. 86ಕ್ಕೆ ಕೀ ಆನ್ ಆದಾಗ ಮಾತ್ರ ಕರೆಂಟ್ ಬರೋ ವೈರು. 85ರಿಂದ ಥರ್ಮೋ ಸ್ವಿಚ್ಚಿಗೆ (ನೀರು ಬಿಸಿ ಆದಾಗ ತಾನೇ ಆನ್ ಆಗೋ ಸ್ವಿಚ್ಚು), ಅಲ್ಲಿಂದ ಅರ್ತ್, ಅಂದ್ರೆ ಗಾಡಿ ಬಾಡಿಗೆ. ಬ್ಯಾಟ್ರಿಯಿಂದ ಫ್ಯಾನಿಗೆ ಹೋಗೋ ವೈರು 2.5 ಸ್ಕ್ವೇರ್ ಎಂಎಂಗಿಂತ ತೆಳ್ಳಗೆ ಬ್ಯಾಡ, ನಾಲ್ಕಿದ್ರೆ ಇನ್ನೂ ಚೆನ್ನ, ಫ್ಯಾನಿನ ಅರ್ತ್ ವೈರೂ ಅಷ್ಟೇ ದಪ್ಪ ಇರ್ಬೇಕು, ಪೇಂಟ್ ಕೆರೆದು ಬರೀ ಕಬ್ಬಿಣಕ್ಕೆ ಕಚ್ಚಿಸಬೇಕು. ಥರ್ಮೋ ಸ್ವಿಚ್ಚಿಗೆ ಸಮಾನಾಂತರವಾಗಿ ಡ್ಯಾಶ್‌ಬೋರ್ಡಲ್ಲೊಂದು ಸಣ್ಣ ಸ್ವಿಚ್ ಇಡ್ರಿ, ಅದೂ 85ನ್ನ ಅರ್ತ್ ಮಾಡೋದಷ್ಟೇ, ಥರ್ಮೋ ಕೈಕೊಟ್ರೆ ಕೈಯಿಂದ ಆನ್ ಮಾಡ್ಕೊಬಹುದು, ಗೇಟ್ ಬೀಳೋದು ದೂರದಿಂದ ಕಂಡಾಗ್ಲೇ ನಾನು ಇದನ್ನ ಒತ್ತಿಬಿಡ್ತೀನಿ.

ಥರ್ಮೋ ಸ್ವಿಚ್ ಎಲ್ಲಿ ಹಾಕೋದು? ಪದ್ಮಿನಿ ರೇಡಿಯೇಟರಲ್ಲಿ ಅದಕ್ಕೆ ತೂತಿಲ್ಲ, ಸರ್ವಿಸ್‌ಗೆ ಬಿಚ್ಚಿದಾಗ್ಲೇ ಕೆಳಗಿನ ಟ್ಯಾಂಕಿಗೆ ಹಿತ್ತಾಳೆ ಬುಷ್ ಬೆಸುಗೆ ಹಾಕಿಸಿ ಥ್ರೆಡ್ ಮಾಡಿಸ್ಕೊಳ್ರಿ, ಎರಡು ಸಲ ಬಿಚ್ಚೋದು ತಪ್ಪುತ್ತೆ. ಇಲ್ಲಾಂದ್ರೆ ಹೋಸ್ ಪೈಪ್ ಕತ್ತರಿಸಿ ನಡುವೆ ಕೂರಿಸೋ ಅಡಾಪ್ಟರ್ ಐತೆ. ಸ್ವಿಚ್ ಮೈ ಮೇಲೆ ಆನ್ ಆಗೋ, ಆಫ್ ಆಗೋ ಡಿಗ್ರಿ ಒತ್ತಿರುತ್ತೆ. ಕೆಳಗಿನ ಟ್ಯಾಂಕಲ್ಲಿ ನೀರು ಈಗಾಗ್ಲೇ ತಣಿದು ಬಂದಿರುತ್ತೆ, ಹಂಗಾಗಿ ಅಲ್ಲಿಗೆ ಕಮ್ಮಿ ಡಿಗ್ರಿದು, ಮೇಲಿನ ಹೋಸಿಗೆ ಹೆಚ್ಚಿನದು. ಥರ್ಮೋಸ್ಟಾಟ್ ತೆರೆಯೋ ಬಿಸಿಗಿಂತ ಕಮ್ಮಿದು ಮೇಲಿನ ಹೋಸಿಗೆ ಹಾಕಿದ್ರೆ ಫ್ಯಾನು ನಿಲ್ಲೋದೇ ಇಲ್ಲ.

ಇಲ್ಲಿ ನಾನು ಒಂದು ಇಡೀ ಭಾನುವಾರ ಕಳ್ಕೊಂಡೆ. ಎಲ್ಲಾ ಜೋಡಿಸಿ ಆಯ್ತು, ಇಂಜಿನ್ ಬಿಸಿ ಆಯ್ತು, ಫ್ಯಾನ್ ತಿರುಗ್ತಿಲ್ಲ. ರಿಲೇ ಬದಲಿಸಿದೆ, ಫ್ಯೂಸ್ ಬದಲಿಸಿದೆ, ಸ್ವಿಚ್ಚೇ ಖರಾಬು ಅಂತ ಅಂಗಡಿಯವನ ಜೊತೆ ಜಗಳಕ್ಕೂ ಹೋಗಿ ಬಂದೆ. ಕೊನೆಗೆ ನೋಡಿದ್ರೆ ಒಂದೇ ವೈರಿನ ಸ್ವಿಚ್ಚು, ಅದು ತನ್ನ ಮೈಯಿಂದಲೇ ಅರ್ತ್ ತಗೋಬೇಕು, ಆದ್ರೆ ರೇಡಿಯೇಟರ್ ಕೂತಿರೋದು ರಬ್ಬರ್ ಮೇಲೆ, ಎರಡೂ ಕಡೆ ಹೋಸ್ ರಬ್ಬರು, ಅರ್ತ್ ಬರೋದಾದ್ರೂ ಎಲ್ಲಿಂದ. ಟ್ಯಾಂಕಿಗೆ ಒಂದು ವೈರ್ ಕಚ್ಚಿಸಿ ಬಾಡಿಗೆ ಹಾಕಿದ ತಕ್ಷಣ ಫ್ಯಾನ್ ಗರ್ರ್ ಅಂತು. ಅಂಗಡಿಯವನ ಹತ್ರ ಹೋಗಿ ಸಾರಿ ಹೇಳಿ ಬಂದೆ.

ತಿರುಗೋ ದಿಕ್ಕು ನೋಡೋಕೆ ಗ್ರಿಲ್ ಮುಂದೆ ಒಂದು ಹಾಳೆ ಪೇಪರ್ ಹಿಡೀರಿ. ಅಂಟಿಕೊಂಡ್ರೆ ಸರಿ, ತಳ್ಳಿದ್ರೆ ವೈರ್ ಉಲ್ಟಾ ಆಗೈತೆ. ಇನ್ನೊಂದು, ಕೆಲವ್ರು ಗ್ರಿಲ್ ಮುಂದೆ ಹಾಕೋಕೆ ಎಳೆಯೋ ಫ್ಯಾನನ್ನೇ ವೈರ್ ತಿರುಗಿಸಿ ತಳ್ಳೋ ಫ್ಯಾನ್ ಮಾಡ್ತಾರೆ, ಗಾಳಿ ಬರುತ್ತೆ, ಆದ್ರೆ ಬ್ಲೇಡಿನ ಬಾಗು ಉಲ್ಟಾ ಆಗಿರೋದ್ರಿಂದ ಅರೆಬರೆ ಗಾಳಿ.

ಪರೀಕ್ಷೆ ಮನೆ ಮುಂದೆನೇ ಮಾಡ್ರಿ. ಐಡ್ಲಿಂಗಲ್ಲಿ ಬಿಟ್ಟು ಫ್ಯಾನ್ ಆನ್ ಆಗೋದು, ಎಷ್ಟು ಹೊತ್ತಿಗೆ ಆಫ್ ಆಗೋದು ಗಡಿಯಾರ ನೋಡ್ರಿ, ಎರಡು ಮೂರು ನಿಮಿಷಕ್ಕೆ ಆಫ್ ಆಗಿ ಮತ್ತೆ ಆನ್ ಆಗ್ತಾ ಇದ್ರೆ ಗೆದ್ರಿ. ಆಫೇ ಆಗ್ತಿಲ್ಲ ಅಂದ್ರೆ ಫ್ಯಾನ್ ಚಿಕ್ಕದು ಇಲ್ಲಾ ರೇಡಿಯೇಟರ್ ಇನ್ನೂ ಕೊಳೆ. ಇದನ್ನ ಮಧ್ಯಾಹ್ನವೇ ಮಾಡಬೇಕು, ಮುಂಜಾನೆ ಏಳಕ್ಕೆ ತಂಪಲ್ಲಿ ಮಾಡಿ ಪಾಸ್ ಅಂದ್ಕೊಂಡ್ರೆ ಮೇ ತಿಂಗಳಲ್ಲಿ ಮತ್ತೆ ಗೇಟ್ ಹತ್ರ ಡಬ್ಬಿ ಎಣಿಸಬೇಕಾಗುತ್ತೆ.

ಟೈರು

ಪದ್ಮಿನಿಗೆ ಕಂಪನಿಯಿಂದ ಬರ್ತಿದ್ದದ್ದು 5.20-14 ನೈಲಾನ್ ಟೈರು, ಒಳಗಿನ ದಾರ ಓರೆಯಾಗಿ ಹೆಣೆದ ಹಳೇ ತರದ್ದು. ನೈಲಾನ್ ಟೈರಿನ ಗಾಡಿ ಓಡ್ಸಿದವ್ರಿಗೆ ಗೊತ್ತು, ರೋಡಲ್ಲಿ ಗಾಲಿ ಗುರುತು ಬಿದ್ದಿದ್ರೆ ಸ್ಟೇರಿಂಗ್ ತಾನೇ ಆ ಕಡೆ ಎಳ್ಕೊಂಡು ಹೋಗುತ್ತೆ, ಅದಿರು ಲಾರಿ ಓಡಾಡಿ ಗುಳಿ ಬಿದ್ದ ರೋಡಲ್ಲಂತೂ ಕುಸ್ತಿ ಆಡ್ದಂಗೆ. ರೇಡಿಯಲ್, ಅಂದ್ರೆ ದಾರ ನೇರ ಅಡ್ಡಕ್ಕೆ ಹೋಗೋ ಈಗಿನ ಕಾರಿನ ಟೈರು, ಹಾಕಿದ ಮೇಲೆ ಬೇರೆ ಗಾಡಿನೇ ಅನ್ಸುತ್ತೆ.

ಹದಿನಾಲ್ಕು ಇಂಚಿನ ರಿಮ್ಮು ಇರೋದು ನಮ್ಮ ಪುಣ್ಯ, ಈಗಿನ ಸಣ್ಣ ಕಾರಿನ ಟೈರು ಕೂಡುತ್ತೆ. ಹಂಗಂತ 14 ಇದ್ದದ್ದೆಲ್ಲ ಹಾಕೋಕಾಗಲ್ಲ, ಎತ್ತರ ಲೆಕ್ಕ ಹಾಕ್ರಿ. 165/80 ಆರ್14 ಅಂದ್ರೆ ಟೈರಿನ ಅಗಲ 165 ಮಿಲಿಮೀಟರ್, ಪಕ್ಕೆಯ ಎತ್ತರ ಅದರ ನೂರಕ್ಕೆ 80 ಪಾಲು, ಅಂದ್ರೆ 132 ಮಿಲಿಮೀಟರ್, ಮೇಲೆ ಕೆಳಗೆ ಎರಡು ಸಲ 264, ಜೊತೆಗೆ ರಿಮ್ಮಿನ 355.6, ಒಟ್ಟು 619.6. ಅದೇ 175/65 ಆರ್14 ಲೆಕ್ಕ ಹಾಕಿದ್ರೆ 583. ಅಂಗಡಿಯವ್ರು "ಇದು ಅಗಲ ಐತೆ, ಗ್ರಿಪ್ ಚೆನ್ನಾಗಿರುತ್ತೆ" ಅಂತ ಎರಡನೇದನ್ನ ತೋರಿಸ್ತಾರೆ, ಮೋಸ ಹೋಗಬೇಡ್ರಿ. ಗಾಡಿ 18 ಮಿಲಿಮೀಟರ್ ಕುಗ್ಗುತ್ತೆ, ಹಂಪ್ ಮೇಲೆ ತಳ ಉಜ್ಜುತ್ತೆ, ಮೀಟರ್ ಸುಳ್ಳು ಸ್ಪೀಡ್ ತೋರ್ಸುತ್ತೆ, ಅದೆಲ್ಲಕ್ಕಿಂತ ಮುಖ್ಯ ಅಷ್ಟೇ ಸ್ಪೀಡಿಗೆ ಇಂಜಿನ್ನು ನೂರಕ್ಕೆ ಆರು ಸುತ್ತು ಜಾಸ್ತಿ ತಿರುಗಬೇಕು. ನಾಲ್ಕೇ ಗೇರಿನ ಗಾಡಿ, ಮೊದ್ಲೇ ಹೈವೇಯಲ್ಲಿ ಕಿರುಚ್ತಿರುತ್ತೆ, ಫ್ಯಾನಿಗೆ ದುಡ್ಡು ಹಾಕಿ ತಂಪು ಮಾಡಿದ್ದನ್ನ ಟೈರಲ್ಲಿ ಮತ್ತೆ ಬಿಸಿ ಮಾಡಿದಂಗೆ.

ಲೆಕ್ಕ ಬ್ಯಾಡ ಅನ್ನೋರಿಗೆ ಸುಣ್ಣದ ಕಡ್ಡಿ ಸಾಕು. ಹಳೇ ಟೈರು ನೆಲ ಮುಟ್ಟಿರೋ ಜಾಗಕ್ಕೆ ಟೈರಿಗೂ ನೆಲಕ್ಕೂ ಗೆರೆ ಎಳೆದು, ಗಾಡಿ ತಳ್ಳಿ ಒಂದು ಸುತ್ತು ತಿರುಗಿಸಿ, ಮತ್ತೆ ಗೆರೆ ಕೆಳಗೆ ಬಂದಾಗ ನೆಲದ ಮೇಲೆ ಅಳೀರಿ. 165/80ದು ಲೆಕ್ಕದಲ್ಲಿ 1.95 ಮೀಟರ್ ಬರುತ್ತೆ, ಗಾಡಿ ಭಾರಕ್ಕೆ ಸ್ವಲ್ಪ ಕಮ್ಮಿ. ನಿಮ್ಮ ಹಳೇದು ಇದರ ಹತ್ರಾನೇ ಇರುತ್ತೆ.

ನಾನು ಹಾಕ್ಸಿದ್ದು 165/80 ಆರ್14, ಮಾರುತಿ ಸ್ವಿಫ್ಟಿಗೆ ಬರೋ ಸೈಜು, ಎಲ್ಲಾ ಕಡೆ ಸಿಗುತ್ತೆ. ಪಕ್ಕದಲ್ಲಿ 85 ಅಂತ ಇದ್ರೆ ಒಂದು ಟೈರು 515 ಕೆಜಿ ಹೊರುತ್ತೆ ಅಂತ ಅರ್ಥ, ಪದ್ಮಿನಿಗೆ ಧಾರಾಳ. ಆದ್ರೆ ತಗೊಳ್ಳೋಕೆ ಮುಂಚೆ ಎರಡು ನೋಡ್ರಿ: ರಿಮ್ಮಿನ ಅಗಲ ನಾಲ್ಕು ಇಂಚಿಗಿಂತ ಕಮ್ಮಿ ಇರಬಾರ್ದು, ಆಮೇಲೆ ಒಂದು ಟೈರ್ ಮಾತ್ರ ಹಾಕಿ ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಎಲ್ಲೂ ಉಜ್ಜಲ್ಲ ಅಂತ ಖಾತ್ರಿ ಆದ್ಮೇಲೆ ಉಳಿದದ್ದು ಕಟ್ಟಿಸ್ರಿ.

ತಾರೀಖು ನೋಡದೆ ದುಡ್ಡು ಕೊಡಬೇಡ್ರಿ. ಟೈರಿನ ಪಕ್ಕೆಯಲ್ಲಿ ಒಂದು ಸಣ್ಣ ಚೌಕದಲ್ಲಿ ನಾಲ್ಕು ಅಂಕಿ ಇರುತ್ತೆ, 1423 ಅಂದ್ರೆ 2023ರ ಹದಿನಾಲ್ಕನೇ ವಾರ ತಯಾರಾದದ್ದು. ಕೆಲವು ಟೈರಿಗೆ ಅದು ಒಂದೇ ಪಕ್ಕೆಯಲ್ಲಿರುತ್ತೆ. ನನಗೆ ಒಂದು ಅಂಗಡಿಯಲ್ಲಿ ಪಾಲಿಶ್ ಹಚ್ಚಿದ ಫಳಫಳ ಟೈರ್ ಕೊಟ್ರು, ತಾರೀಖಿನ ಪಕ್ಕೆ ಒಳಗಡೆ ಹೋಗೋ ಹಂಗೆ ಕಟ್ಟಿದ್ರು, ಮನೆಗೆ ಬಂದು ಗಾಡಿ ಕೆಳಗೆ ತೂರಿ ಟಾರ್ಚ್ ಬಿಟ್ಟು ನೋಡಿದ್ರೆ ಐದು ವರ್ಷ ಹಳೇ ಮಾಲು. ವಾಪಸ್ ತಗೊಳ್ಲಿಲ್ಲ. ನಮ್ಮಂಥವ್ರ ಗಾಡಿ ವರ್ಷಕ್ಕೆ ಎರಡು ಸಾವಿರ ಕಿಲೋಮೀಟರೂ ಓಡಲ್ಲ, ಟೈರು ಸವೆದು ಹೋಗಲ್ಲ, ವಯಸ್ಸಾಗಿ ಹೋಗುತ್ತೆ, ಅದ್ರಲ್ಲೂ ಈ ಬಿಸಿಲಿಗೆ ರಬ್ಬರ್ ಕಲ್ಲಾಗಿ ಪಕ್ಕೆಯಲ್ಲಿ ಕೂದಲೆಳೆಯಷ್ಟು ಬಿರುಕು ಬರ್ತಾವೆ. ಬಟನ್ (ಟೈರಿನ ಮೇಲಿನ ಅಚ್ಚು) ತುಂಬಾ ಉಳಿದೈತೆ ಅಂತ ಹತ್ತು ವರ್ಷದ ಟೈರಲ್ಲಿ ಮಕ್ಕಳನ್ನ ಕೂರಿಸ್ಕೊಂಡು ಹಂಪಿಗೆ ಹೋಗಬೇಡ್ರಿ.

ಟ್ಯೂಬ್‌ಲೆಸ್ ಟೈರೇ ಸಿಗೋದು ಈಗ, ಆದ್ರೆ ಹಳೇ ರಿಮ್ಮು ಟ್ಯೂಬಿಗೆ ಅಂತ ಮಾಡಿದ್ದು, ಟೈರಿನ ಅಂಚು ಒಳಗೆ ಜಾರದಂಗೆ ತಡೆಯೋ ಉಬ್ಬು ಅದರಲ್ಲಿರಲ್ಲ. ಅದಕ್ಕೆ ಒಳಗೆ ಟ್ಯೂಬ್ ಹಾಕಿಸಲೇಬೇಕು, ರೇಡಿಯಲ್‌ಗೆ ಅಂತ ಬರೋ ಟ್ಯೂಬೇ ತಗೋರಿ. ಪಂಕ್ಚರ್ ಅಂಗಡಿಯಲ್ಲಿ ನಿಂತು ಮಾಡಿಸ್ರಿ: ಟೈರಿನ ಒಳಮೈಗೆ ಅಂಟಿಸಿರೋ ಕಾಗದದ ಸ್ಟಿಕ್ಕರ್ ಪೂರ್ತಿ ಕೀಳ್ಬೇಕು, ಅದು ಟ್ಯೂಬನ್ನ ಉಜ್ಜಿ ತೂತು ಮಾಡುತ್ತೆ, ರಿಮ್ಮಿನ ತುಕ್ಕನ್ನ ವೈರ್ ಬ್ರಷ್ಷಲ್ಲಿ ತಿಕ್ಕಿ ಪೇಂಟ್ ಹೊಡೀಬೇಕು, ಟ್ಯೂಬಿಗೆ ಕೈ ತುಂಬ ಪೌಡರ್ ಸವರಬೇಕು. ನಮ್ಮ ಪಂಕ್ಚರ್ ಅಂಗಡಿ ಹುಡುಗ ಟ್ಯೂಬಿಗೆ ಸ್ವಲ್ಪ ಹವಾ ತುಂಬಿ, ಕೂರಿಸಿ, ಪೂರ್ತಿ ಹವಾ ಬಿಟ್ಟು, ಮತ್ತೆ ತುಂಬಿದ. ಯಾಕಪ್ಪಾ ಎರಡೆರಡು ಸಲ ಅಂದ್ರೆ "ಒಳಗೆ ಮಡಿಕೆ ಬಿದ್ದಿದ್ರೆ ಬಿಚ್ಕೊಳ್ಳುತ್ತೆ ಅಣ್ಣಾ" ಅಂದ. ಅವತ್ತಿಂದ ಅವನ ಹತ್ರಾನೇ ಹೋಗೋದು.

ಒಂದೇ ಆಕ್ಸಲ್ಲಿಗೆ ಒಂದು ನೈಲಾನು ಒಂದು ರೇಡಿಯಲ್ಲು ಯಾವತ್ತೂ ಬ್ಯಾಡ. ಈಗ ಎರಡಕ್ಕೇ ದುಡ್ಡಿರೋದು ಅಂದ್ರೆ ಎರಡೂ ರೇಡಿಯಲ್ ಹಿಂದಕ್ಕೆ ಹಾಕ್ರಿ, ಮುಂದಕ್ಕೆ ಹಾಕಿದ್ರೆ ತಿರುವಲ್ಲಿ ಹಿಂಭಾಗ ಜಾರಿ ಬರುತ್ತೆ. ರೇಡಿಯಲ್ ಹಾಕಿದ್ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು, ನೈಲಾನಿಗೆ ಇಡ್ತಿದ್ದ ಟೋ-ಇನ್ (ಮುಂದಿನ ಗಾಲಿಗಳ ಮೂತಿ ಒಳಕ್ಕೆ ತಿರುಗಿರೋ ಅಳತೆ) ರೇಡಿಯಲ್‌ಗೆ ಜಾಸ್ತಿ ಆಗುತ್ತೆ, ಹಂಗೇ ಬಿಟ್ರೆ ಮುಂದಿನ ಟೈರ್ ಹೊರ ಅಂಚು ತಿಂದು ಹಾಕುತ್ತೆ. ಅದಕ್ಕೂ ಮುಂಚೆ ಕಿಂಗ್ ಪಿನ್ (ಮುಂದಿನ ಗಾಲಿ ಎಡಬಲ ತಿರುಗೋ ಗೂಟ) ಆಟ, ಅಂದ್ರೆ ಸಡಿಲ, ನೋಡಿಸ್ರಿ, ಗಾಲಿ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದ್ರೆ ಟಕ್ ಟಕ್ ಅಂದ್ರೆ ಅಲೈನ್‌ಮೆಂಟ್ ದುಡ್ಡು ವೇಸ್ಟು.

ಹವಾ ನಾನು ಮುಂದೆ 26, ಹಿಂದೆ 28 ಪಿಎಸ್‌ಐ ಇಟ್ಟು ಶುರು ಮಾಡ್ದೆ. ನೈಲಾನಿಗಿಂತ ರೇಡಿಯಲ್ ಪಕ್ಕೆ ಸ್ವಲ್ಪ ಉಬ್ಬಿದಂಗೇ ಕಾಣುತ್ತೆ, ಹವಾ ಕಮ್ಮಿ ಅಂತ 35 ತುಂಬಿಸ್ಕೊಂಡು ಬರಬೇಡ್ರಿ. ಮುಂಜಾನೆ ತಣ್ಣಗಿದ್ದಾಗ್ಲೇ ನೋಡಿಸ್ರಿ, ಐದಾರು ಡಿಗ್ರಿ ಬಿಸಿ ಏರಿದ್ರೆ ಸುಮಾರು ಒಂದು ಪಿಎಸ್‌ಐ ತಾನೇ ಏರುತ್ತೆ, ಮಧ್ಯಾಹ್ನ ಬಂಕಲ್ಲಿ ನೋಡಿ ಜಾಸ್ತಿ ಐತೆ ಅಂತ ಬಿಡಿಸಿದ್ರೆ ಮಾರನೇ ಮುಂಜಾನೆ ಕಮ್ಮಿ ಆಗಿರುತ್ತೆ.

ಗಾಲಿ ಬೋಲ್ಟು ಐವತ್ತು ಕಿಲೋಮೀಟರ್ ಓಡಿದ ಮೇಲೆ ಇನ್ನೊಂದ್ಸಲ ಟೈಟ್ ಮಾಡ್ರಿ, ಪೇಂಟ್ ಹೊಡೆದ ರಿಮ್ಮಲ್ಲಿ ಪೇಂಟ್ ಕೂತು ಸಡಿಲ ಆಗ್ತಾವೆ. ಸ್ಟೆಪ್ನಿ ಬಗ್ಗೆ ಎಲ್ರೂ ಮರೀತಾರೆ, ನಾನೂ ಮರೆತಿದ್ದೆ, ನಾಲ್ಕು ಹೊಸ ರೇಡಿಯಲ್ ಹಾಕ್ಸಿ ಡಿಕ್ಕಿಯಲ್ಲಿ ಅಪ್ಪನ ಕಾಲದ ಬೋಳು ನೈಲಾನ್ ಟೈರನ್ನ ಹಂಗೇ ಬಿಟ್ಟಿದ್ದೆ, ಮುನಿರಾಬಾದ್ ಹತ್ರ ಪಂಕ್ಚರ್ ಆದಾಗ ತೆಗೆದು ನೋಡಿದ್ರೆ ಅದ್ರಲ್ಲಿ ಹವಾನೇ ಇರ್ಲಿಲ್ಲ. ಐದು ಟೈರ್ ತಗೋರಿ, ನಾಲ್ಕಲ್ಲ.